ನನ್ನ ಕಾರಿನಲ್ಲಿ ಮೈದುನನ ಫೋನು

ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲಿನ ಮಾತು. ನನಗೆ ಆಗ ಐವತ್ತೆರಡು. ಕಾರು ಓಡಿಸಲು ಕಲಿತು ಒಂದು ವರ್ಷವಷ್ಟೇ ಆಗಿತ್ತು. ಕಡೂರಿನ ನಮ್ಮ ಮನೆಯಲ್ಲೇ ಬ್ಲೌಸು ಹೊಲಿಯುವವಳು ನಾನು. ಅಜ್ಜಂಪುರದ ನನ್ನ ಅಕ್ಕ ಜಾರಿಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ, ಪ್ರತಿ ಗುರುವಾರ ಅವಳನ್ನು ವ್ಯಾಯಾಮದ ಚಿಕಿತ್ಸೆಗೆಂದು ತರೀಕೆರೆಗೆ ಕರೆದುಕೊಂಡು ಹೋಗುತ್ತಿದ್ದೆ. ಬಸ್ಸಿನ ಮೆಟ್ಟಿಲು ಹತ್ತಲು ಅವಳಿಂದ ಆಗುತ್ತಿರಲಿಲ್ಲ. ನಮ್ಮ ಹಳೆಯ ಕಾರೇ ಅವಳ ಕಾಲು.

ನಮ್ಮ ಯಜಮಾನರದು ಒಂದೇ ಷರತ್ತು. "ನಾನು ಫೋನ್ ಮಾಡ್ದಾಗ ಎತ್ಬೇಕು ಕಣೇ. ಇಲ್ದಿದ್ರೆ ನಂಗೆ ಜೀವ ನಿಲ್ಲಲ್ಲ." ಓಡಿಸುವಾಗ ಫೋನು ಕೈಗೆ ತೆಗೆದುಕೊಳ್ಳುವವಳಲ್ಲ ನಾನು. ಆದರೆ ಕಾರಿನಲ್ಲಿ ಬ್ಲೂಟೂತ್ ಇತ್ತು. ಸ್ಟೇರಿಂಗಿನ ಮೇಲಿನ ಗುಂಡಿ ಒತ್ತಿದರೆ ಸಾಕು, ಅವರ ದನಿ ಕಾರಿನೊಳಗೇ ಕೇಳುತ್ತಿತ್ತು.

ತೊಂದರೆ ಶುರುವಾದದ್ದು ನಮ್ಮ ಮನೆಯ ಮರ್ಯಾದೆಯಿಂದಲೇ. ಮುಂದಿನ ಸೀಟಿನಲ್ಲಿ ಯಾರೇ ಕೂತರೂ, "ನಿಮ್ಮ ಫೋನೂ ಸೇರಿಸ್ಕೊಳಿ, ನಿಮಗಿಷ್ಟವಾದ ಹಾಡು ಹಾಕ್ಕೊಳಿ" ಎನ್ನುವುದು, ಬಂದವರಿಗೆ ಚಾಪೆ ಹಾಸಿದಂತೆ. ಹೀಗೆ ಯಜಮಾನರದು, ಮೈದುನ ಮಹೇಶನದು, ಅವನ ಹೆಂಡತಿಯದು, ಎದುರುಮನೆಯವರದು, ಬೀಗಿತ್ತಿಯದು ಎಲ್ಲವೂ ಸೇರಿದವು. ಅಷ್ಟರಲ್ಲಿ ನನ್ನ ಫೋನು ನೀರಿನ ಬಕೆಟ್ಟಿಗೆ ಬಿದ್ದು ಹೊಸದು ಬಂತು. ಅದು ಮಾತ್ರ ಕಾರಿಗೆ ಸೇರಲೇ ಇಲ್ಲ. ಆಫ್ ಮಾಡಿ ಆನ್ ಮಾಡಿದೆ, ಕಾರನ್ನೇ ಆರಿಸಿ ಮತ್ತೆ ಚಾಲೂ ಮಾಡಿದೆ. ಜಪ್ಪಯ್ಯ ಅಂದರೂ ಇಲ್ಲ.

ಆ ಗುರುವಾರ ಅಜ್ಜಂಪುರ ಬಿಟ್ಟು ತರೀಕೆರೆ ಮುಟ್ಟುವಷ್ಟರಲ್ಲಿ ಯಜಮಾನರು ಏಳು ಸಲ ಫೋನ್ ಮಾಡಿದ್ದರು. ಬ್ಯಾಗಿನೊಳಗಿದ್ದ ಫೋನು ನನಗೆ ಕೇಳಲೇ ಇಲ್ಲ. ಸಂಜೆ ಮನೆಗೆ ಬಂದರೆ ಪಂಚಾಯ್ತಿ ಸೇರಿತ್ತು.

"ಅತ್ಗೆ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ಉಸಾಬರಿ? ಕಾರು ಮಾರ್ಬಿಡಣ. ನಿಮ್ಮಕ್ಕನ್ನ ಯಾರಾದ್ರೂ ಕರ್ಕೊಂಡೋಗ್ತಾರೆ" ಎಂದ, ಪಕ್ಕದ ಮನೆಯಲ್ಲೇ ಇರುವ ಮೈದುನ ಮಹೇಶ.

"ಯಾರಾದ್ರೂ ಅಂದ್ರೆ ಯಾರಪ್ಪಾ? ನೀನಾ?" ಎಂದೆ. ಅವನು ಚಪ್ಪಲಿ ಹುಡುಕತೊಡಗಿದ. ಯಜಮಾನರು ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಅದರಿಂದಲೇ ನನಗೆ ಹೆಚ್ಚು ನೋವಾಗಿದ್ದು.

ಶನಿವಾರ ಬೆಳಿಗ್ಗೆ, ಇವತ್ತು ಇದನ್ನು ಸರಿಮಾಡದೆ ಇಳಿಯುವುದಿಲ್ಲ ಎಂದುಕೊಂಡು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ. ಇದ್ದಕ್ಕಿದ್ದಂತೆ ಯಾವುದೋ ಗಂಡಸಿನ ದನಿ ಕಾರಿನ ತುಂಬ ಮೊಳಗಿತು: "ಮಹೇಶಣ್ಣ, ಹಂಗಾದ್ರೆ ನಾಳೆ ಬೀರೂರಿಂದ ಬಂದು ಕಾರು ನೋಡ್ತೀನಿ. ನಿಮ್ಮತ್ತಿಗೆ ಗಲಾಟೆ ಮಾಡಲ್ಲ ತಾನೆ?"

ತಲೆಯೆತ್ತಿ ನೋಡಿದರೆ ಪಕ್ಕದ ಜಗಲಿಯ ಮೇಲೆ ಮಹೇಶ ಕಿವಿಗೆ ಫೋನು ಒತ್ತಿಕೊಂಡು, "ಹಲೋ! ಹಲೋ! ಏನ್ ದರಿದ್ರ ನೆಟ್‌ವರ್ಕೋ!" ಎಂದು ಒದ್ದಾಡುತ್ತಿದ್ದ. ಅವನ ಮಾತುಕತೆ ನನ್ನ ಕಾರಿಗೆ ಬಂದುಬಿಟ್ಟಿತ್ತು.

ನಾನು ಗಂಟಲು ಸರಿಮಾಡಿಕೊಂಡೆ. "ಅತ್ತಿಗೆನೇ ಮಾತಾಡ್ತಿರೋದು ಕಣಪ್ಪಾ. ನಾಳೆ ಬನ್ನಿ, ಕಾಫಿ ಕುಡ್ಕೊಂಡು ಹೋಗಿ. ಕಾರು ಮಾತ್ರ ಕೊಡಲ್ಲ."

"ತಪ್ಪಾಯ್ತು ತಾಯಿ" ಎಂದವನೇ ಇಟ್ಟುಬಿಟ್ಟ.

ಮಹೇಶ ಓಡಿ ಬಂದ. "ಅತ್ಗೆ, ನನ್ ಫೋನು ನಿಮ್ ಕಾರಲ್ಲಿ ಯಾಕೆ ಮಾತಾಡ್ತು?"

"ನಾನೇ ಅಲ್ವೇನೋ ಸೇರಿಸ್ಕೊಂಡಿದ್ದು!" ಎಂದೆ. ಹಾಗೆಂದಾಗಲೇ ನನಗೂ ಹೊಳೆಯಿತು. ಎಲ್ಲರಿಗೂ ಚಾಪೆ ಹಾಸಿ ನನಗೇ ಜಾಗವಿಲ್ಲದಂತೆ ಮಾಡಿಕೊಂಡಿದ್ದೆ. ಪರದೆಯ ಮೇಲೆ ಸೇರಿದ ಫೋನುಗಳ ಪಟ್ಟಿ ತೆಗೆದೆ. ನೀರಿಗೆ ಬಿದ್ದ ನನ್ನ ಹಳೆಯ ಫೋನೂ ಸೇರಿ ಆರು ಹೆಸರು, ಇನ್ನೊಂದಕ್ಕೆ ಎಡೆಯಿಲ್ಲ. ಮೊದಲು ಮಹೇಶನದನ್ನು ಅವನ ಕಣ್ಣೆದುರೇ ಅಳಿಸಿದೆ. ಆಮೇಲೆ ಬೀಗಿತ್ತಿ, ಎದುರುಮನೆ, ಓರಗಿತ್ತಿ, ನನ್ನ ಹಳೆಯ ಫೋನು.

ಗದ್ದಲ ಕೇಳಿ ಹೊರಬಂದ ಯಜಮಾನರು ಬಗ್ಗಿ ನೋಡಿದರು. "ನಂದೂ ತೆಗೀತೀಯೇನೇ?"

"ಫೋನ್ ಮಾಡೋರು ನೀವು, ಎತ್ತೋಳು ನಾನು. ನಿಮ್ದು ಇಲ್ಲಿದ್ದು ಏನ್ ಮಾಡ್ಬೇಕು?" ಅದೂ ಹೋಯಿತು.

ನನ್ನ ಫೋನಿನಲ್ಲಿ ಅರ್ಧಕ್ಕೆ ನಿಂತಿದ್ದ ಕಾರಿನ ಹೆಸರನ್ನೂ ಅಳಿಸಿ ಹೊಸದಾಗಿ ಹುಡುಕಿದೆ. ಫೋನಿನಲ್ಲೂ ಕಾರಿನ ಪರದೆಯಲ್ಲೂ ಒಂದೇ ಅಂಕಿಗಳು ಕಂಡವು. ಒತ್ತಿದೆ. ಸೇರಿತು! "ಅಡುಗೆಮನೆಗೆ ಹೋಗಿ ಫೋನ್ ಮಾಡ್ರೀ" ಎಂದೆ. ಅವರ ದನಿ ಕಾರಿನಲ್ಲಿ ಬಂತು: "ಕೇಳ್ತಾ ಇದೆಯೇನೇ?"

"ಕೇಳ್ತಿದೆ. ಮಾರೋ ಮಾತು ಇನ್ನೂ ಇದ್ಯಾ? ಅದನ್ನೂ ಹೇಳ್ಬಿಡಿ."

ಅವರು ಅಂದರು, "ಇಲ್ಲ ಕಣೇ. ಗುರುವಾರ ಹುಷಾರಾಗಿ ಹೋಗ್ಬಾ."

ಆ ಗುರುವಾರ ಅಕ್ಕನನ್ನು ಕೂರಿಸಿಕೊಂಡು ಹೋಗುವಾಗ ಮಹೇಶನ ಫೋನು ಬಂತು. ಗುಂಡಿ ಒತ್ತಿದೆ. "ಅತ್ಗೆ, ಎಲ್ಲಿದ್ದೀರಾ?" "ನನ್ನ ಕಾರಲ್ಲಿ!" ಎಂದೆ. ಅಕ್ಕ ಸೊಂಟ ಹಿಡಿದುಕೊಂಡೇ ನಕ್ಕಳು.

ಇಂದಿಗೂ ಯಾರು ಕೈ ತೋರಿಸಿದರೂ ಮುಂದಿನ ಸೀಟು ಕೊಡುತ್ತೇನೆ, ಬಾಟಲಿಯಲ್ಲಿ ಮಜ್ಜಿಗೆ ಇದ್ದರೆ ಅದನ್ನೂ ಕೊಡುತ್ತೇನೆ. ಫೋನು ಸೇರಿಸಲೇ ಎಂದು ಕೇಳಿದರೆ ಮಾತ್ರ, "ಅದು ನಿಮ್ಮ ಜೇಬಲ್ಲೇ ಇರ್ಲಿ" ಎನ್ನುತ್ತೇನೆ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ತರೀಕೆರೆ ಬಂದಾಗ ಇಳಿದೇ ಇಳಿಯುತ್ತಾರೆ.