ರಕ್ತ ಇಳಿಯುವ ಹೊತ್ತಿನಲ್ಲಿ ಮಾಲಾವನ್

ಮೆಕಾಂಗ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಭಿಕ್ಷೆಗೆ ಹೊರಟ ಭಿಕ್ಷುಗಳ ಸಾಲು ಆಗಲೇ ಆಸ್ಪತ್ರೆಯ ಗೇಟು ದಾಟಿದೆ. ಅವರ ಪಾತ್ರೆಗೆ ಅಂಟಕ್ಕಿಯ ಅನ್ನ ನೀಡಿ ಮೇಲೆದ್ದ ಮಾಲಾವನ್ ಮಂಡಿಯ ಧೂಳು ಕೊಡವಿಕೊಂಡು ನೇರ ಪ್ರಯೋಗಾಲಯದ ಮೂಲೆಗೆ ನಡೆಯುತ್ತಾಳೆ. ಅಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಗಾಜಿನ ಕೊಳವೆ ನಿಲ್ಲಿಸುವ ಸ್ಟ್ಯಾಂಡ್ ಇದೆ. ಗೋಡೆ ನೆಟ್ಟಗಿದೆಯೇ ಎಂದು ಗಾರೆಯವರು ನೋಡುತ್ತಾರಲ್ಲ, ಅಂಥದ್ದೇ ದಾರ ಕಟ್ಟಿದ ಗುಂಡನ್ನು ಅದರ ಪಕ್ಕಕ್ಕೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಸಮಾಧಾನವಾದ ಮೇಲೆ ಕಿಟಕಿಯಿಂದ ತಲೆ ಹೊರಹಾಕುತ್ತಾಳೆ.

"ಬೂನ್‌ಮೀ ಅಣ್ಣಾ! ನಾನು ಹೇಳೋವರೆಗೂ ಐಸ್ ಯಂತ್ರ ಶುರು ಮಾಡ್ಬೇಡ!"

ಪಕ್ಕದ ಐಸ್ ಅಂಗಡಿಯಿಂದ ಉತ್ತರ ಬರುತ್ತದೆ. "ನಿನ್ನ ರಕ್ತಕ್ಕೆ ನಿದ್ದೆ ಹತ್ತೋವರೆಗೂ ಮೀನಿನವರು ನನ್ನ ಬಾಗಿಲಲ್ಲಿ ನಿಂತು ಬೈಬೇಕಾ?"

"ಬೈಸ್ಕೋ. ನಾಳೆ ನಿನ್ನ ರಕ್ತಾನೂ ಇಲ್ಲೇ ನಿಲ್ಲೋದು!"

ಜಗಳ ಹಳೆಯದು. ಬೂನ್‌ಮೀ ಬೈಯುತ್ತಲೇ ಯಂತ್ರ ಮುಟ್ಟದೆ ಬಿಡುತ್ತಾನೆ, ಮೀನಿನವರಿಗೆ ಹಿಂದಿನ ದಿನವೇ ಒಡೆದಿಟ್ಟ ಐಸ್ ಕೊಡುತ್ತಾನೆ. ಯಂತ್ರ ಕಟ್ಟೆಯನ್ನು ನಡುಗಿಸಿದರೆ ಕೊಳವೆಯೊಳಗಿನ ರಕ್ತ ಬೇಗ ಇಳಿಯುತ್ತದೆ. ಕೊಳವೆ ಚೂರೇ ಚೂರು ವಾಲಿದರೂ ಅಷ್ಟೇ. ಆಗ ಆರೋಗ್ಯವಂತರ ಲೆಕ್ಕವೂ ರೋಗಿಯ ಲೆಕ್ಕದ ಹಾಗೆ ಕಾಣುತ್ತದೆ.

ದೋನ್ ಸಾಯ್ ದ್ವೀಪದ ಈ ಸಣ್ಣ ಆಸ್ಪತ್ರೆಯಲ್ಲಿ ಮಾಲಾವನ್ ಮಾಡುವ ಹಲವು ಪರೀಕ್ಷೆಗಳಲ್ಲಿ ಜನರಿಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಈ ಇಎಸ್ಆರ್. ಗಡ್ಡೆ ಕಟ್ಟದಂತೆ ಔಷಧಿ ಬೆರೆಸಿದ ರಕ್ತವನ್ನು ಉದ್ದನೆಯ ಕೊಳವೆಗೆ ತುಂಬಿ ಒಂದು ಗಂಟೆ ನಿಲ್ಲಿಸಬೇಕು. ಕೆಂಪು ಕಣಗಳು ಕೆಳಗಿಳಿದು, ಮೇಲೆ ಹಳದಿ ತಿಳಿ ನಿಲ್ಲುತ್ತದೆ. ದೇಹದಲ್ಲಿ ಎಲ್ಲೋ ಉರಿಯೂತವಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ಬೇಗ ಇಳಿಯುತ್ತವೆ, ತಿಳಿ ಉದ್ದವಾಗುತ್ತದೆ. ಗಂಟೆಯ ಕೊನೆಗೆ ಆ ತಿಳಿ ಎಷ್ಟು ಮಿಲಿಮೀಟರ್ ಎಂದು ಅಳೆದರೆ ಕೆಲಸ ಮುಗಿಯಿತು.

ಬೇರೆಯವರಿಗೆ ಮುಗಿಯಿತು. ಮಾಲಾವನ್‌ಗೆ ಆ ಒಂದು ಗಂಟೆಯೇ ಕೆಲಸ. ರಕ್ತ ಕೊಟ್ಟವರನ್ನು ಅವಳು ಹೊರಗಿನ ಬೆಂಚಿಗೆ ಕಳಿಸುವುದಿಲ್ಲ. ಕೊಳವೆಯ ಎದುರೇ ಕುರ್ಚಿ ಹಾಕಿ ಕೂರಿಸುತ್ತಾಳೆ.

"ತಮ್ಮ ರಕ್ತ ಏನ್ಮಾಡ್ತಿದೆ ಅಂತ ಅವರೇ ನೋಡ್ಲಿ. ಚೀಟೀಲಿ ಬರೀ ಅಂಕಿ ಬರೆದುಕೊಟ್ರೆ ಮನೆಗೆ ಹೋಗೋದ್ರೊಳಗೆ ಅದು ಕ್ಯಾನ್ಸರ್ ಆಗಿರತ್ತೆ, ಇಲ್ಲಾ ಮಾಟ ಆಗಿರತ್ತೆ" ಎನ್ನುತ್ತಾಳೆ. ತುಂಬಿದ ಬಸುರಿಯೊಬ್ಬಳು ತನ್ನ ಅಂಕಿ ಕಂಡು ಅಳುತ್ತ ಕೂತಿದ್ದಾಗ, "ಬಸುರೀಲಿ ಎಲ್ಲರಿಗೂ ಏರತ್ತೆ ಕಣೇ, ನನಗೂ ಏರಿತ್ತು. ಆ ಏರಿದ್ದು ಈಗ ಮೀಸೆ ಬಿಟ್ಕೊಂಡು ದೋಣಿ ಓಡಿಸ್ತಿದೆ" ಎಂದು ನಗಿಸಿ ಕಳಿಸಿದವಳು ಇವಳು. ರಕ್ತ ಕಡಿಮೆಯಿದ್ದರೂ ಏರುತ್ತದೆ, ವಯಸ್ಸಾದರೂ ಕೊಂಚ ಏರುತ್ತದೆ ಎಂದು ಎಷ್ಟು ಸಲ ಹೇಳಿದರೂ ಅವಳಿಗೆ ಬೇಸರವಿಲ್ಲ.

ಈ ಮಾತುಗಾರಿಕೆ ಮೊದಲಿನಿಂದಲೂ ಇದ್ದದ್ದಲ್ಲ. ಮೇಲಿನ ಹಳ್ಳಿಯ ಬಡಗಿಯ ಮಗಳಾದ ಅವಳು ಪಾಕ್ಸೆ ಪಟ್ಟಣದಲ್ಲಿ ತರಬೇತಿ ಮುಗಿಸಿ ಬಂದಾಗ ಪ್ರಯೋಗಾಲಯಕ್ಕೆ ನಲ್ಲಿಯೂ ಇರಲಿಲ್ಲ. ನದಿಯಿಂದ ನೀರು ಹೊತ್ತು, ಕುದಿಸಿ, ಕೊಳವೆ ತೊಳೆಯಬೇಕಿತ್ತು. ರಕ್ತ ಕೊಟ್ಟರೆ ಆತ್ಮ ಸಡಿಲವಾಗುತ್ತದೆ ಎಂದು ಜನ ಹೆದರಿ ಓಡುತ್ತಿದ್ದರು. "ಸೂಜಿ ಹಿಡ್ಕೊಂಡು ಅಟ್ಟಿಸ್ಕೊಂಡು ಹೋಗೋಕಾಗತ್ತಾ? ಅದಕ್ಕೇ ಮಾತಾಡೋದು ಕಲಿತೆ."

ಆ ಮಾತಿಗೆ ನಿಜವಾದ ಸತ್ವಪರೀಕ್ಷೆ ಬಂದದ್ದು ದಾವೋನ್ ರೂಪದಲ್ಲಿ.

ದ್ವೀಪದ ಹೆಂಗಸರ ಪಂದ್ಯದ ದೋಣಿಯಲ್ಲಿ ದಾವೋನ್ ಮುಂದಿನ ಸಾಲಿನವಳು. ಅವಳ ಹುಟ್ಟು ಬಿದ್ದ ಲಯಕ್ಕೇ ಹಿಂದಿನವರೆಲ್ಲ ಹುಟ್ಟು ಹಾಕಬೇಕು. ಹೋದ ವರ್ಷದ ಮಳೆಗಾಲದಲ್ಲಿ ಅವಳ ಕೈಗಳು ಬೆಳಿಗ್ಗೆ ಮಡಚದಾದವು. ಅನ್ನದ ಬುಟ್ಟಿಯ ಮುಚ್ಚಳ ತೆಗೆಯಲು, ಅಂಟಕ್ಕಿಯನ್ನು ಬೆರಳಲ್ಲಿ ಒತ್ತಿ ಉಂಡೆ ಮಾಡಲು ಆಗದೆ ತಾಯಿಯ ಕೈತುತ್ತು ತಿಂದಳು. ದೋಣಿಯ ಗೆಳತಿಯರು "ರಾಣಿಯವರಿಗೆ ಹುಟ್ಟು ಭಾರ ಆಯ್ತು" ಎಂದು ಆಡಿಕೊಂಡರು. ತಾಯಿ ಪೇಂಗ್ ಎಣ್ಣೆ ತಿಕ್ಕಿಸಿದಳು, ಹಿರಿಯರನ್ನು ಕರೆಸಿ ಆತ್ಮ ಕಟ್ಟುವ ಶಾಸ್ತ್ರ ಮಾಡಿಸಿದಳು. ಆ ಶಾಸ್ತ್ರದಲ್ಲಿ ಮಣಿಕಟ್ಟಿಗೆ ಸುತ್ತಿದ ಬಿಳಿ ದಾರಗಳು ಊದಿದ ಚರ್ಮದೊಳಗೆ ಹೂತುಹೋದಾಗ ತಾಯಿ, ಮಗಳು ಇಬ್ಬರೂ ಆಸ್ಪತ್ರೆಗೆ ಬಂದರು.

ಮಾಲಾವನ್ ದಾರ ಕತ್ತರಿಸಲಿಲ್ಲ. ಒಂದೊಂದನ್ನೇ ಬಿಡಿಸಿ ಪೇಂಗ್ ಕೈಗಿಟ್ಟು ರಕ್ತ ತೆಗೆದಳು. ಕೊಳವೆಯಲ್ಲಿ ಕೆಂಪು ಕಣ್ಣೆದುರೇ ಜಾರತೊಡಗಿತು.

"ಅಕ್ಕಾ, ನನ್ನ ರಕ್ತ ನೀರಾಗ್ಬಿಟ್ಟಿದೆಯಾ?" ದಾವೋನ್ ಕೊಳವೆಯ ಹತ್ತಿರ ಬಾಗಿ ಕೇಳಿದಳು.

"ನೀರಲ್ಲ ಕಣೇ. ನಿನ್ನ ಮೈ ಯಾವುದರ ಮೇಲೋ ಜಗಳಕ್ಕೆ ನಿಂತಿದೆ. ಯಾರ ಮೇಲೆ, ಎಲ್ಲಿ ಅಂತ ಈ ಕೊಳವೆ ಹೇಳಲ್ಲ. ಜಗಳ ಜೋರಾಗಿದೆ ಅಂತ ಮಾತ್ರ ಹೇಳತ್ತೆ. ಮಿಕ್ಕಿದ್ದು ಡಾಕ್ಟರು ಹುಡುಕ್ತಾರೆ."

ಇಪ್ಪತ್ತರೊಳಗೆ ಇರಬೇಕಾದ ಅಂಕಿ ತೊಂಬತ್ತು ದಾಟಿತ್ತು. ಡಾಕ್ಟರ್ ಸೋಮ್‌ಸಕ್ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಸೋಂಕೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಾಕ್ಸೆಗೆ ಕಳಿಸಿದರು. ಅಲ್ಲಿ ರೋಗದ ಹೆಸರು ಗೊತ್ತಾಯಿತು. ದೇಹ ತನ್ನ ಕೀಲುಗಳನ್ನೇ ಶತ್ರುವೆಂದು ತಿಳಿದು ತಿನ್ನುವ ಸಂಧಿವಾತ. ವಾರಕ್ಕೊಮ್ಮೆ ನುಂಗುವ ಮಾತ್ರೆ ಶುರುವಾಯಿತು.

ಪಂದ್ಯ ಹತ್ತಿರವಾದಾಗ ದಾವೋನ್ ನಗುನಗುತ್ತ ಬಂದಳು. ಬೆರಳು ಮಡಚಿ ತೋರಿಸಿದಳು. "ನೋಡಕ್ಕಾ, ನೋವೇ ಇಲ್ಲ! ನಾಳೆಯಿಂದ ದೋಣಿಗೆ ಇಳೀತೀನಿ."

ಕೊಳವೆ ಬೇರೆಯೇ ಹೇಳಿತು. ತಿಳಿ ಹೆಚ್ಚುಕಡಿಮೆ ಮೊದಲಿನಷ್ಟೇ ಉದ್ದ. ಮಾಲಾವನ್ ಅವಳ ಗೆಣ್ಣುಗಳನ್ನು ಮುಟ್ಟಿದಳು. ಇನ್ನೂ ಬಿಸಿ, ಇನ್ನೂ ಊತ.

"ಮಾತ್ರೆ ತಗೋತಿದೀಯಾ?"

"ಹೂಂ."

"ಸುಳ್ಳಿ!" ಪೇಂಗ್‌ಗೆ ತಡೆಯಲಾಗಲಿಲ್ಲ. "ವಾಂತಿ ಬರತ್ತೆ ಅಂತ ಬಿಸಾಕಿದಾಳೆ. ಸಂತೇಲಿ ಯಾವನೋ ನೋವಿನ ಸೂಜಿ ಚುಚ್ತಾನೆ, ಅದನ್ನ ಚುಚ್ಚಿಸ್ಕೊಂಡು ಬರ್ತಾಳೆ!"

ದಾವೋನ್ ಎದ್ದು ನಿಂತಳು. "ನಾನಿಲ್ದೆ ದೋಣಿ ಸೋಲತ್ತೆ! ನಿಮಗೇನು ಗೊತ್ತು? ನೀವು ಗಾಜು ನೋಡ್ಕೊಂಡು ಕೂತಿರೋರು!"

ಮಾಲಾವನ್ ಬಾಗಿಲಿಗೆ ಅಡ್ಡ ನಿಂತಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಆಸ್ಪತ್ರೆಯವರು ಆವರೆಗೆ ಕೇಳಿರಲಿಲ್ಲ. "ಗಾಜು ನೋಡೋಳೇ ಹೇಳ್ತಿದೀನಿ, ಕೇಳು. ಸೂಜಿ ನಿನ್ನ ನೋವಿನ ಬಾಯಿ ಮುಚ್ಚಿದೆ. ಉರಿ ಒಳಗೇ ಇದೆ, ಕೀಲು ತಿಂತಾ ಇದೆ. ಈ ವರ್ಷ ಹುಟ್ಟು ಹಿಡಿದ್ರೆ, ಬರೋ ವರ್ಷ ಚಮಚ ಹಿಡಿಯಲ್ಲ. ನಾನು ಮಾತ್ರೆ ಕೊಡೋಳಲ್ಲ, ಡಾಕ್ಟರ ಹತ್ರ ನಡಿ. ವಾಂತಿಗೆ ದಾರಿ ಅವರು ಹೇಳ್ತಾರೆ. ಆಮೇಲೆ ನನ್ನ ಎಷ್ಟು ಬೇಕಾದ್ರೂ ಬೈಕೋ."

ದಾವೋನ್ ಬೈದಳು. ಅಳುತ್ತಲೇ ಬೈದಳು. ಆದರೆ ಡಾಕ್ಟರ ಕೋಣೆಗೆ ಹೋದಳು. ಅವರು ಮಾತ್ರೆಯ ಪ್ರಮಾಣ ತಿದ್ದಿ, ಜೊತೆಗೆ ಇನ್ನೊಂದು ಮಾತ್ರೆ ಸೇರಿಸಿದರು. ವಾಂತಿ ನಿಂತಿತು. ಆ ವರ್ಷದ ಪಂದ್ಯವನ್ನು ಅವಳು ದಡದಲ್ಲಿ ಕೂತು ನೋಡಿದಳು. ದ್ವೀಪದ ದೋಣಿ ಸೋತಿತು. ಊರಲ್ಲಿ ಕೆಲವರು ಮಾಲಾವನ್ ಎದುರಾದರೆ ಮುಖ ತಿರುಗಿಸಿಕೊಂಡರು.

"ಆ ದಿನಗಳು ಕಷ್ಟ ಇತ್ತು" ಎನ್ನುತ್ತಾಳೆ ಮಾಲಾವನ್. "ಸರಿ ಮಾಡಿದೀನಿ ಅಂತ ಗೊತ್ತಿತ್ತು. ಆದ್ರೂ ಪಪ್ಪಾಯಿ ಕೊಳ್ಳೋಕೆ ಹೋದಾಗ ಅಂಗಡಿಯವಳು ಮಾತಾಡಿಸ್ದೇ ಇದ್ರೆ ನೋವಾಗತ್ತಲ್ಲ."

ದೋಣಿಯ ಹೆಂಗಸರಲ್ಲಿ ಮುಖ ತಿರುಗಿಸದೆ ಬಂದವಳು ದಾವೋನ್ ಒಬ್ಬಳೇ. ಕರೆದಾಗಲೆಲ್ಲ ಬಂದು ಕುರ್ಚಿಯಲ್ಲಿ ಕೂತಳು. ತಿಳಿ ಪ್ರತಿ ಸಲವೂ ಒಂದಿಷ್ಟು ಗಿಡ್ಡವಾಯಿತು. ಊತ ಇಳಿಯಿತು, ಬೆಳಗಿನ ಬಿಗಿತ ಸಡಿಲವಾಯಿತು. ಈ ವರ್ಷದ ಬೇಸಿಗೆಯಲ್ಲಿ ಅಂಕಿ ಹದಿನೈದಕ್ಕೆ ಬಂದು ನಿಂತಾಗ, ಡಾಕ್ಟರ್ ಅವಳ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಧಾನಕ್ಕೆ ಶುರು ಮಾಡು" ಎಂದರು. ಅವರ ಮಾತು ಮುಗಿಯುವ ಮೊದಲೇ ದಾವೋನ್ ದೋಣಿಮನೆಯ ದಾರಿ ಹಿಡಿದಿದ್ದಳು.

ಭಿಕ್ಷುಗಳ ಮಳೆಗಾಲದ ವ್ರತವಾದ ವರ್ಷಾವಾಸ ಮುಗಿದ ಹುಣ್ಣಿಮೆಯ ಮರುದಿನ ಪಂದ್ಯ. ದಡದಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ಸಾಲಿನಲ್ಲಿ ದಾವೋನ್. ಅರ್ಧ ದಾರಿಯವರೆಗೆ ಎದುರು ದಡದ ದೋಣಿಯೇ ಮುಂದೆ. ಆಮೇಲೆ ದಾವೋನ್ ಏನೋ ಕೂಗುತ್ತಾಳೆ, ಅವಳ ಹುಟ್ಟು ಚುರುಕಾಗುತ್ತದೆ, ಹಿಂದಿನ ಹುಟ್ಟುಗಳೆಲ್ಲ ಒಂದೇ ಏಟಿಗೆ ನೀರು ಸೀಳುತ್ತವೆ. ದೋಣಿಯ ಮೂತಿ ಇಂಚಿಂಚೇ ಮುಂದೆ ಬರುತ್ತದೆ, ಸಮ ಆಗುತ್ತದೆ, ದಾಟುತ್ತದೆ. ದಡ ಹುಚ್ಚೆದ್ದು ಕುಣಿಯುತ್ತದೆ. ಬೂನ್‌ಮೀ ತನ್ನ ಐಸ್ ಪೆಟ್ಟಿಗೆಯ ಮೇಲೆ ಹತ್ತಿ ಡೋಲಿನ ಹಾಗೆ ಬಡಿಯುತ್ತಾನೆ.

ಗೆದ್ದ ಹೆಂಗಸರು ಗುಂಪು ಸೀಳಿಕೊಂಡು ಬಂದು ಮಾಲಾವನ್‌ಳನ್ನು ಎತ್ತುತ್ತಾರೆ. "ಬಿಡ್ರೇ, ನನಗೆ ಈಜು ಬರಲ್ಲ!" ಎಂಬ ಕೂಗನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ದೋಣಿಯಲ್ಲಿ ಕೂರಿಸಿ ನದಿಯ ಮೇಲಕ್ಕೂ ಕೆಳಕ್ಕೂ ಮೆರವಣಿಗೆ ಮಾಡುತ್ತಾರೆ. ಅಕ್ಕಿ ಸಾರಾಯಿಯ ಲೋಟ ಕೈಯಿಂದ ಕೈಗೆ ಬರುತ್ತದೆ. ದಾವೋನ್ ಅದನ್ನು ಮುಟ್ಟದೆ ಎಳನೀರು ಎತ್ತುತ್ತಾಳೆ. "ಮಾತ್ರೆ ಇದೆ, ಅಕ್ಕ ನೋಡ್ತಾ ಇದಾಳೆ!"

ಈಗ ಬೆಳಿಗ್ಗೆ ಮಾಲಾವನ್‌ಳ ಕುರ್ಚಿ ಖಾಲಿ ಇರುವುದಿಲ್ಲ. ಮೀನು ಮಾರುವವರು, ನೇಯುವವರು, ದೂರದ ದ್ವೀಪದ ಅಜ್ಜಿಯರು, ಎಲ್ಲರೂ ಕೈ ಚಾಚಿಕೊಂಡು ಬರುತ್ತಾರೆ. ಎಷ್ಟೋ ಜನಕ್ಕೆ ಏನೂ ಇರುವುದಿಲ್ಲ, ನಗುತ್ತ ಹೋಗುತ್ತಾರೆ. ಇನ್ನು ಕೆಲವರು ಕೀಲು ಹಾಳಾಗುವ ಮೊದಲೇ ಡಾಕ್ಟರ ಬಾಗಿಲು ಸೇರುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಅವಳು ಕೊಳವೆ ತೊಳೆಯುತ್ತಲೇ ಹೇಳುತ್ತಾಳೆ.

"ಕೈ ಮಡಚೋಕಾಗ್ದಿದ್ರೆ 'ವಯಸ್ಸಾಯ್ತು ಬಿಡು' ಅಂತ ಯಾವ ಹೆಣ್ಣುಮಗಳೂ ಸುಮ್ಮನೆ ಕೂರಬಾರದು. ನನ್ನ ಹತ್ರ ಬರ್ಲಿ. ಒಂದು ಗಂಟೆ ನನ್ನ ಜೊತೆ ಮಾತಾಡ್ಕೊಂಡು ಕೂರ್ಲಿ, ಅಷ್ಟೇ. ಹೆದರಿಕೊಂಡು ಬಂದೋರು ನನ್ನ ಬಾಗಿಲಿಂದ ಹೆದರಿಕೊಂಡು ವಾಪಸ್ ಹೋಗಿಲ್ಲ."