ಐದು ನೂಲು

ಕುರುಗೋಡಿನಲ್ಲಿ ನನ್ನ ಅಕ್ಕನ ಕೋಣೆಯಲ್ಲಿ ಕುಡಿಯುವ ನೀರಿಗೆ ಒಂದು ತಾಮ್ರದ ಚೊಂಬು ಇತ್ತು. ಒಂದು ಮಧ್ಯಾಹ್ನ ಅವಳು ಹೊಲದಿಂದ ಬಂದು ಬಾಗಿಲು ತೆರೆದು ನೀರು ಬಗ್ಗಿಸಿಕೊಳ್ಳಲು ಹೋದಾಗ ಅದರಲ್ಲಿ ಎಲೆಅಡಿಕೆಯ ಉಗುಳು ತೇಲುತ್ತಿತ್ತು. ಅಕ್ಕ ವಿಧವೆ, ಆ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಆ ಮನೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದವನು ಅವಳ ಮೈದುನ ಒಬ್ಬನೇ. ಬಾಗಿಲಿಗೆ ನಾನೇ ಕೈಯಾರೆ ಸರಿಪಡಿಸಿಕೊಟ್ಟ ಬೀಗವಿತ್ತು. ಅವಳು ಬಂದಾಗ ಅದು ಹಾಕಿದಂತೆಯೇ ಇತ್ತು.

ಇದು ಹೇಗಾಯಿತೆಂದು ಮೊದಲಿನಿಂದ ಹೇಳಬೇಕು. ತಪ್ಪಿನಲ್ಲಿ ದೊಡ್ಡ ಪಾಲು ನನ್ನದು.

ಆಗ ನಾನು ಬಳ್ಳಾರಿಯಲ್ಲಿದ್ದೆ. ಮದರಾಸಿನ ಪತ್ರಿಕೆಯೊಂದಕ್ಕೆ ಜಿಲ್ಲೆಯ ವರ್ತಮಾನ ಬರೆದು ಕಳಿಸುವುದು ಕೆಲಸ, ಹಳೆಯ ಬೀಗಗಳನ್ನು ಬಿಚ್ಚಿ ಜೋಡಿಸುವುದು ಖಯಾಲಿ. ಕಳ್ಳರಿಗೆ ಶಾಲೆ ತೆಗೆಯುವ ಯೋಚನೆ ಇದೆಯೇ ಎಂದು ನೆರೆಯವರು ಕೇಳುತ್ತಿದ್ದರು. ಬೀಗದ ಹೊಟ್ಟೆಯನ್ನು ನೋಡದವರಿಗೆ ಅದರಲ್ಲಿ ಏನಿರುತ್ತದೆಂದು ತಿಳಿಯದು. ಗಟ್ಟಿಯಾಗಿ ಕಪ್ಪಾದ ಹರಳೆಣ್ಣೆ, ಜಿರಲೆಯ ರೆಕ್ಕೆ, ಯಾರದೋ ತಲೆಗೂದಲು. ಬೆರಳಿಗೆ ಅಂಟಿದ ಆ ಜಿಡ್ಡು ಎರಡು ದಿನ ಅನ್ನದ ತುತ್ತಿನಲ್ಲೂ ವಾಸನೆ ಹೊಡೆಯುತ್ತದೆ. ಆದರೂ ನಾನು ಬಿಟ್ಟಿರಲಿಲ್ಲ.

ಅಕ್ಕನ ಬಾಗಿಲಲ್ಲೇ ಕೂರಿಸಿದ, ಒಳಗಿನಿಂದಲೂ ಹೊರಗಿನಿಂದಲೂ ಹಾಕಬಹುದಾದ ಬೀಗಕ್ಕೆ ಎರಡು ಕೀಲಿಕೈಗಳಿದ್ದವು. ಒಂದು ಅವಳ ಬಳಿ. ಇನ್ನೊಂದು, ಭಾವ ತೀರಿಹೋದ ಮೇಲೆ, ಮೈದುನನ ಉಡಿದಾರದಲ್ಲಿ. ಮನೆ ತನ್ನದು, ಕೀಲಿಕೈಯೂ ತನ್ನದು ಎಂಬುದು ಅವನ ವಾದ. ಅವಳು ಹೊಲಕ್ಕೆ ಹೋದಾಗ ಒಳಗೆ ಹೋಗಿ ಪೆಟ್ಟಿಗೆ ಕೆದಕುತ್ತಿದ್ದ. ಕಾಲಿನ ಕೆರ ಕಳಚದೆ ಅವಳ ಕೌದಿಯ ಮೇಲೆ ಮಲಗುತ್ತಿದ್ದ. ಬೇರೆ ಬೀಗ ತಂದು ಹಾಕಿದರೆ ಮನೆಯಲ್ಲಿ ರಾದ್ಧಾಂತವಾಗುತ್ತಿತ್ತು. ಹೊರಗಿನಿಂದ ಅದೇ ಬೀಗವಾಗಿ ಕಾಣಬೇಕು, ಒಳಗು ಬದಲಾಗಬೇಕು. ಅಕ್ಕ ಕೇಳಿದ್ದು ಇಷ್ಟೇ:

"ತಮ್ಮಾ, ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ನಾ ಹಾಕಿದ ಬೀಗ ನಾನೇ ತೆಗಿಯೋ ಹಂಗ ಮಾಡಿಕೊಡು."

ಆ ಬೀಗವನ್ನು ಮಾಡಿದ್ದವನು ಸಿರುಗುಪ್ಪದ ಒಬ್ಬ ಕಮ್ಮಾರ. ಒಳಗೆ ನಾಲ್ಕು ತಗಡಿನ ಎಲೆಗಳು ಅಗುಳಿಗೆ ಅಡ್ಡ ನಿಂತಿರುತ್ತಿದ್ದವು. ಕೀಲಿಕೈ ಪ್ರತಿಯೊಂದು ಎಲೆಯನ್ನೂ ಅದರದರ ಎತ್ತರಕ್ಕೆ ಎತ್ತಿದರೆ ಮಾತ್ರ ಅಗುಳಿ ಸರಿಯುತ್ತಿತ್ತು. ಎಲೆಗಳ ಎತ್ತರ ಬದಲಿಸಿದರೆ ಹಳೆಯ ಕೀಲಿಕೈ ಸತ್ತಂತೆ. ಆದರೆ ಎಲೆ ಕೂದಲೆಳೆಯಷ್ಟು ಗಿಡ್ಡವಾದರೂ ಅಗುಳಿಯನ್ನು ತಡೆಯುವುದೇ ಇಲ್ಲ. ಆದ್ದರಿಂದ ಒಂದು ಒಳ್ಳೆಯ ಅಳತೆಯ ಸಾಧನ ಬೇಕಾಯಿತು.

ಬಳ್ಳಾರಿಯ ದಂಡಿನ ಪ್ರದೇಶದಲ್ಲಿ, ಊರು ಬಿಟ್ಟುಹೋದ ಇಂಗ್ಲಿಷ್ ದೊರೆಗಳ ಸಾಮಾನು ಮಾರುವ ಅಂಗಡಿಯಲ್ಲಿ ಜಾರುವ ದವಡೆಯಲ್ಲಿ ವಸ್ತುವನ್ನು ಹಿಡಿದು ಅಳೆಯುವ ಒಂದು ಹಿತ್ತಾಳೆಯ ಜಾರುಪಟ್ಟಿ ಇತ್ತು. ಮಖಮಲ್ಲಿನ ಡಬ್ಬಿ, ಕನ್ನಡಿಯಂಥ ಹೊಳಪು. ಅಂಗುಲಕ್ಕೆ ಎಂಟು ಗೆರೆ, ಒಂದೊಂದು ಗೆರೆಗೂ ಮಧ್ಯೆ ಇನ್ನೂ ಸಣ್ಣ ಗೆರೆಗಳು. ಅದನ್ನು ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಸಾಹೇಬರಿಗೆ ತೋರಿಸಿದೆ. ಅವರು ಪಟ್ಟಿಯ ಎರಡು ದವಡೆಗಳನ್ನು ಕೂಡಿಸಿ ಕಿಟಕಿಯ ಕಡೆ ಹಿಡಿದರು.

"ನಡುವ ಬೆಳಕು ಬರಾಕತ್ತೈತಿ ನೋಡ್ರಿ. ಬಾಯಿ ಮುಚ್ಚಾಕ ಬರದವನ ಮಾತು ನಂಬಬ್ಯಾಡ್ರಿ."

ಬದಲಿಗೆ ತಮ್ಮದೇ ಒಂದು ಉಕ್ಕಿನ ಕೈವಾರ ತೋರಿಸಿದರು. ಏಡಿಯ ಕೊಂಡಿಯಂತೆ ಬಾಗಿದ ಎರಡು ಕಾಲು, ಬಿಗಿಮಾಡಲು ಒಂದು ತಿರುಪು. ಕಪ್ಪಾಗಿತ್ತು, ಕುರೂಪವಾಗಿತ್ತು, ಮೈಮೇಲೆ ಒಂದು ಗೆರೆಯಾಗಲಿ ಅಂಕಿಯಾಗಲಿ ಇರಲಿಲ್ಲ. ಅಂಕಿಯಿಲ್ಲದ ಸಾಧನದಿಂದ ಏನನ್ನು ಬರೆದುಕೊಳ್ಳಲಿ ಎಂದು ಕೇಳಿದೆ. ಬರೆದುಕೊಳ್ಳುವುದೇಕೆ, ಅಳತೆಯನ್ನೇ ಇದರಲ್ಲಿ ಹಿಡಿದುಕೊಂಡು ಹೋಗಿ ಎಂದರು. ನಾನು ನಕ್ಕು ಹಿತ್ತಾಳೆಯದನ್ನೇ ಕೊಂಡೆ. ಅಂಕಿ ಕಂಡರೆ ನಂಬುವುದು ವರ್ತಮಾನ ಬರೆಯುವವರ ಚಾಳಿ.

ಕುರುಗೋಡಿಗೆ ಹೋಗಿ ಬೀಗ ಬಿಚ್ಚಿ ಅಳೆದೆ. ಹೊಸ ಎಲೆಗಳ ಎತ್ತರ ಗೊತ್ತುಮಾಡಿ ಸಿರುಗುಪ್ಪದ ಕಮ್ಮಾರನಿಗೆ ಕಾಗದ ಬರೆದೆ. ಎಲ್ಲಕ್ಕಿಂತ ಎತ್ತರದ ಎಲೆ ಐದು ನೂಲು. ಅಂಗುಲದ ಎಂಟನೆಯ ಪಾಲಿಗೆ ನೂಲು ಎನ್ನುವುದು ನಮ್ಮ ಕಡೆಯ ಬಡಗಿ, ಕಮ್ಮಾರರೆಲ್ಲರ ಮಾತು. ಅಲ್ಲಿನ ಶಾಲೆಯ ಮಾಸ್ತರರು ಕಾಗದವನ್ನು ಅವನಿಗೆ ತಪ್ಪಿಲ್ಲದೆ ಓದಿ ಹೇಳಿದರು. ಎಲೆಗಳೂ ಅವಕ್ಕೆ ಹೊಂದುವ ಹೊಸ ಕೀಲಿಕೈಯೂ ಭತ್ತದ ಗಾಡಿಯಲ್ಲಿ ಬಂದವು. ಜಾರುಪಟ್ಟಿ ಇಟ್ಟು ನೋಡಿದೆ, ಐದು ಎಂದಿತು. ಜೋಡಿಸಿದೆ. ಹೊಸ ಕೀಲಿಕೈ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಅಕ್ಕನ ಹಳೆಯ ಕೀಲಿಕೈ ನನ್ನ ಜೇಬಿನಲ್ಲೇ ಇತ್ತು. ಅದನ್ನು ಹಾಕಿ ನೋಡಲಿಲ್ಲ. ಒಂದು ಸುದ್ದಿಯನ್ನು ಇಬ್ಬರ ಬಾಯಲ್ಲಿ ಕೇಳದೆ ಎಂದೂ ಬರೆಯದವನು ನಾನು.

ಹದಿನೈದು ದಿನಕ್ಕೆ ಚೊಂಬಿನ ಸುದ್ದಿ ಬಂತು.

ನಾನು ಹೋದಾಗ ಮೈದುನ ಕಟ್ಟೆಯ ಮೇಲೆ ಕೂತಿದ್ದ. ತುಟಿಯ ಎರಡು ಮೂಲೆಯಲ್ಲೂ ಕೆಂಪು ರಸ ಒಣಗಿ ಹಕ್ಕಳೆ ಕಟ್ಟಿತ್ತು. ಮಾತಾಡುವಾಗ ಅಡಿಕೆಯ ಚೂರು ನನ್ನ ಅಂಗಿಯ ಮೇಲೆ ಬಿತ್ತು.

"ಬರ್ರಿ, ಬೀಗದ ಪಂಡಿತ್ರ. ಏನು ಮಾಡಿದ್ರೋ ಏನೋ, ನನ್ನ ಹಳೇ ಕೀಲಿಕೈ ಈಗ ಮದ್ಲಿಗಿಂತ ನುಣ್ಣಗ ತಿರಗತೈತ್ರಿ."

ನಾನು ಕಟ್ಟೆ ಹತ್ತಿದೆ. ಜೇಬಿನ ಕೀಲಿಕೈ ತೆಗೆದು ಹಾಕಿದೆ. ತಿರುಗಿತು. ಅಕ್ಕ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಚೊಂಬನ್ನು ಹುಣಸೆಹಣ್ಣು, ಬೂದಿ ಹಾಕಿ ಏಳು ಸಲ ಬೆಳಗಿದ್ದಳು. ಫಳಫಳ ಹೊಳೆಯುತ್ತ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಅದರಲ್ಲಿ ನೀರು ಕುಡಿಯುವುದು ಅವಳಿಂದ ಆಗುತ್ತಿರಲಿಲ್ಲ. ನನ್ನಿಂದಲೂ ಆಗುತ್ತಿರಲಿಲ್ಲ.

ಬೀಗವನ್ನು ಕಿತ್ತುಕೊಂಡು ಬಳ್ಳಾರಿಗೆ ಬಂದೆ. ಬೀಗವಿಲ್ಲದಷ್ಟು ದಿನವೂ ಅಕ್ಕ ಬಾಗಿಲಿಗೆ ಒಳಗಿನಿಂದ ಒರಳುಕಲ್ಲು ಒತ್ತಿಟ್ಟು ಮಲಗಿದಳು, ಹೊಲಕ್ಕೆ ಹೋಗುವುದನ್ನು ಬಿಟ್ಟಳು. ಗಡಿಯಾರದ ಸಾಹೇಬರು ಏನೂ ಕೇಳದೆ ಕೈವಾರವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅದನ್ನೂ ಬೀಗವನ್ನೂ ಹಿತ್ತಾಳೆಯ ಡಬ್ಬಿಯನ್ನೂ ತೆಗೆದುಕೊಂಡು ಸಿರುಗುಪ್ಪಕ್ಕೆ ಹೋದೆ.

ಕಮ್ಮಾರ ಮುದುಕ. ತನ್ನದು ತಪ್ಪಿಲ್ಲ ಎಂದ. ಕುಲುಮೆಯ ಮೂಲೆಯಿಂದ ಒಂದು ಕಬ್ಬಿಣದ ಕೋಲು ತಂದು ತೋರಿಸಿದ. ಅವನ ತಂದೆ ತನ್ನ ಹೆಬ್ಬೆರಳಿನ ಅಗಲವನ್ನೇ ಅಂಗುಲವೆಂದು ಹಿಡಿದು ಕಚ್ಚು ಹಾಕಿದ್ದ ಕೋಲು ಅದು. ಒಂದು ಅಂಗುಲಕ್ಕೆ ಎಂಟು ನೂಲು, ಲೆಕ್ಕ ಸರಿ. ಆದರೆ ಆ ಹೆಬ್ಬೆರಳು ದೊರೆಗಳ ಇಂಚಿಗಿಂತ ತುಸು ಸಣ್ಣದು. ಐದು ನೂಲಿಗೆ ಒಂದು ತಾಳೆಗರಿಯ ದಪ್ಪದಷ್ಟು ಕಡಿಮೆ ಬೀಳುತ್ತಿತ್ತು; ಅಗುಳಿಗೆ ತಡೆಯೇ ಇಲ್ಲದೆ ಅದು ಯಾವ ಕೀಲಿಕೈಗಾದರೂ ಸರಿಯುತ್ತಿತ್ತು. ಹಾಗಾದರೆ ನನ್ನ ಜಾರುಪಟ್ಟಿ ಅದನ್ನು ಐದು ಎಂದದ್ದೇಕೆ? ಅವನ ಎದುರೇ ಅದೇ ಎಲೆಯನ್ನು ಮೂರು ಸಲ ಅಳೆದೆ. ಮೂರು ಸಲವೂ ಬೇರೆ ಬೇರೆ. ಜಾರುವ ದವಡೆ ಸಡಿಲವಾಗಿತ್ತು, ನಾನು ಬಯಸಿದ ಗೆರೆಯ ಮೇಲೆ ಹೋಗಿ ನಿಲ್ಲುತ್ತಿತ್ತು. ನನ್ನ ಹೆಬ್ಬೆರಳೇ ಅದನ್ನು ಅಲ್ಲಿಗೆ ನೂಕುತ್ತಿತ್ತು.

"ನಿಮ್ಮ ನೂಲು ಒಂದು, ನಮ್ಮಪ್ಪನ ನೂಲು ಒಂದು, ಈ ಡಬ್ಬಿದು ದಿನಕ್ಕೊಂದು," ಎಂದ ಮುದುಕ. ಆಮೇಲೆ ಕೈವಾರವನ್ನು ತಿರುಗಿಸಿ ನೋಡಿದ. "ಇದರಾಗ ನೂಲು ಎಲ್ಲೈತ್ರಿ?"

ಇಲ್ಲ ಎಂದೆ.

"ಹಂಗಾರ ಜಗಳಾನೇ ಇಲ್ಲ."

ಬೀಗದೊಳಗೆ ಒಂದೊಂದು ಎಲೆಗೂ ಎಷ್ಟು ಜಾಗವಿತ್ತೋ ಅಷ್ಟಕ್ಕೆ ಕೈವಾರದ ಕಾಲನ್ನು ತೆರೆದು ತಿರುಪು ಬಿಗಿದೆ. ಅವನು ಆ ಕಾಲುಗಳ ನಡುವೆ ಹೊಸ ಎಲೆ ತೂರಿಸುತ್ತ, ಉಜ್ಜುತ್ತ, ಮತ್ತೆ ತೂರಿಸುತ್ತ ಹೋದ. ನಾಲ್ಕು ಎಲೆಗೆ ಎರಡು ದಿನ. ನಮ್ಮಿಬ್ಬರ ಬಾಯಲ್ಲೂ ಒಂದು ಅಂಕಿಯೂ ಬರಲಿಲ್ಲ. ಕೊನೆಗೆ ಹಳೆಯ ಕೀಲಿಕೈಯನ್ನು ಹನ್ನೊಂದು ಸಲ ಹಾಕಿ ನೋಡಿದೆ. ಒಂದು ಸಲವೂ ತಿರುಗಲಿಲ್ಲ.

ಹಿಂದಿರುಗುವಾಗ ಹಿತ್ತಾಳೆಯ ಜಾರುಪಟ್ಟಿಯನ್ನು ದೇಶನೂರಿನ ಕಾಲುವೆಗೆ ಎಸೆದೆ. ಸಿಟ್ಟಿನಿಂದಲ್ಲ. ಅದನ್ನು ಮುಟ್ಟುವುದೇ ಹೇಸಿಗೆಯೆನಿಸಿತ್ತು.

ಕುರುಗೋಡಿನಲ್ಲಿ ಬೀಗ ಕೂರಿಸಿದ ಮೇಲೆ ಮೊದಲು ಹಳೆಯ ಕೀಲಿಕೈಯನ್ನೇ ಅಕ್ಕನ ಕೈಗೆ ಕೊಟ್ಟೆ. ಅವಳು ಮುಂಗೈ ನರ ಉಬ್ಬುವಷ್ಟು ಒತ್ತಿ ತಿರುಗಿಸಿದಳು. ಆಗಲಿಲ್ಲ. ಆಮೇಲೆ ಹೊಸದನ್ನು ತೆಗೆದುಕೊಂಡಳು.

ಅಂದು ಮಧ್ಯಾಹ್ನ ಒಳಗಿನಿಂದ ಬೀಗ ಹಾಕಿಕೊಂಡು ಇಬ್ಬರೂ ಊಟಕ್ಕೆ ಕೂತಿದ್ದೆವು. ಹೊರಗೆ ಮೈದುನ ಕೆಮ್ಮಿದ. ಕೀಲಿಕೈ ಒಳಗೆ ಬಂತು, ಕೆರೆಯಿತು, ನಿಂತಿತು. ಮತ್ತೆ ಕೆರೆಯಿತು. ಬಾಯಿ ತುಂಬ ರಸ ಇಟ್ಟುಕೊಂಡು ಅವನು ಮೂಗಿನಲ್ಲಿ ಉಸಿರಾಡುವುದು ಕೇಳಿಸುತ್ತಿತ್ತು. ನಾನು ಬಾಗಿಲ ಕಡೆ ತಿರುಗಿದೆ. ಅಕ್ಕ ಮಾತ್ರ ರೊಟ್ಟಿ ಮುರಿಯುತ್ತಲೇ ಇದ್ದಳು. ಮೂರನೆಯ ಸಲ ಕೆರೆದಾಗ ದನಿ ಏರಿಸದೆ ಹೇಳಿದಳು:

"ಆ ಚೊಂಬು ಹೊರಗ ಕಟ್ಟಿ ಮ್ಯಾಲೆ ಇಟ್ಟೀನಿ. ಇನ್ನ ಮ್ಯಾಲೆ ಅದು ನಿಂದ. ಅದರಾಗ ಉಗುಳು."