ಇಲ್ಲದ ನಿಲ್ದಾಣದ ಜೀರ್ಣೋದ್ಧಾರ

ಶಿರಸಿಯಲ್ಲಿ ಇನ್ನೂ ಕಟ್ಟಿರದ ವಿಮಾನ ನಿಲ್ದಾಣವನ್ನು ಹುಲಗೋಳದ ನಾಗಪತಿ ಹೆಗಡೆ ಆಗಲೇ ಮೂರು ಬಾರಿ ಆಧುನೀಕರಿಸಿದ್ದಾನೆ. ದಿನವೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನೆದುರು ಕೂತ ಅವನ ಚಾ ಆರುವಷ್ಟರಲ್ಲಿ ಮುಂದಿನ ನೂರು ವರ್ಷದ ದಟ್ಟಣೆಗೆಂದು ರನ್‌ವೇ ಉದ್ದವಾಗುತ್ತದೆ. ಚಾವಣಿ ತುಂಬ ಸೋಲಾರ್ ಹರಡಿಕೊಳ್ಳುತ್ತದೆ, ಅದರ ಮಳೆನೀರೆಲ್ಲ ಇಂಗುಗುಂಡಿಗೆ ಇಳಿಯುತ್ತದೆ. ಮೊನ್ನೆಯಂತೂ ಒಂದು ಹಲಸಿನ ಮರ ಉಳಿಸಲು ಇಡೀ ಟರ್ಮಿನಲ್ಲನ್ನೇ ಎತ್ತಿ ಪಕ್ಕಕ್ಕಿಟ್ಟ. ಇದೆಲ್ಲ ನಡೆಯುವಾಗ ಅವನ ಕಣ್ಣು ಅರೆಮುಚ್ಚಿರುತ್ತದೆ, ಮೋಡವೊಂದು ಲೋಟದ ಮೇಲೆಯೇ ಬಂದು ನಿಂತಂತಿರುತ್ತದೆ. ಎಷ್ಟು ವಿಸ್ತರಿಸಿದರೂ ಅವನ ಮೊದಲ ವಿಮಾನ ಹಾರುವುದು ಮಾತ್ರ ಕುಮಟೆಗೆ. ಅಲ್ಲಿ ಅವನ ಹೆಂಡತಿ ಪರಿಮಳಾಳ ತಾಯಿ ಹಾಸಿಗೆ ಹಿಡಿದು ಮಗಳ ದಾರಿ ಕಾಯುತ್ತಿದ್ದಾಳೆ. “ಘಟ್ಟ ಇಳಿದ್ರೆ ಕುಮಟೆ. ಅಷ್ಟಕ್ಕೆ ವಿಮಾನ ಎಂತಕ್ಕೋ?” ಎಂದೆ. “ಬಸ್ಸಲ್ಲಿ ಘಟ್ಟ ಇಳಿದ್ರೆ ಪರಿಮಳಂಗೆ ವಾಂತಿ ಬತ್ತು ಮಾರಾಯ,” ಎಂದ.